ಕಾರ್ಬೋಹೈಡ್ರೇಟ್ ಕಡಿತ: ಕರುಳಿನ ಲೆಕ್ಕವೇ ಬೇರೆ, ರಕ್ತದ ಲೆಕ್ಕವೇ ಬೇರೆ

ಸಪ್ಪೆ ಅನ್ನದ ಒಂದು ತುತ್ತನ್ನೋ, ಏನನ್ನೂ ಸವರದ ಬ್ರೆಡ್ಡಿನ ಒಂದು ಚೂರನ್ನೋ ಬಾಯಿಗಿಟ್ಟುಕೊಂಡು ನುಂಗದೆ ಒಂದು ನಿಮಿಷ ಅಗಿಯುತ್ತಲೇ ಇದ್ದರೆ ಅದು ಮೆಲ್ಲಗೆ ಸಿಹಿಯಾಗತೊಡಗುತ್ತದೆ. ಯಾರೂ ಅದಕ್ಕೆ ಸಕ್ಕರೆ ಬೆರೆಸಿರುವುದಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಉದ್ದನೆಯ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸಿ, ನಾಲಿಗೆಗೆ ರುಚಿ ಗೊತ್ತಾಗುವಷ್ಟು ಚಿಕ್ಕ ತುಂಡುಗಳನ್ನಾಗಿ ಮಾಡಿರುತ್ತದೆ. ಊಟದ ಕಾರ್ಬೋಹೈಡ್ರೇಟ್ ಜೀರ್ಣವಾಗುವುದೆಂದರೆ ಮೂಲತಃ ಇಷ್ಟೇ: ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುವುದು, ಬಿಡಿ ಕೊಂಡಿಗಳನ್ನು ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ದಾಟಿಸುವುದು. ಬಿಡಿಸಲಾಗದ, ದಾಟಿಸಲಾಗದ ಭಾಗ ಏನಾಗುತ್ತದೆ ಎಂಬಲ್ಲಿಂದ ಹೊಟ್ಟೆಯ ತಕರಾರು ಶುರುವಾಗುತ್ತದೆ.

ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದರೆ ಹೊಟ್ಟೆ ಹಗುರವಾಗುತ್ತದೆ, ತೂಕ ಇಳಿಯುತ್ತದೆ, ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ ಎಂಬ ಸಲಹೆಯನ್ನು ಈಗ ಕೇಳದವರು ವಿರಳ. ಆ ಸಲಹೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದು ಎರಡು ಬೇರೆ ಖಾತೆಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆಯುತ್ತದೆ. ಒಂದು ಕರುಳಿನ ಖಾತೆ. ಅಲ್ಲಿಯ ದೂರುಗಳು ಉಬ್ಬರ, ವಾಯು, ಭೇದಿ, ಮಲಬದ್ಧತೆ. ಇನ್ನೊಂದು ರಕ್ತದ ಖಾತೆ. ಅಲ್ಲಿಯ ದೂರುಗಳು ಸಕ್ಕರೆ, ಇನ್ಸುಲಿನ್, ಲಿವರಿನ ಕೊಬ್ಬು. ಈ ಎರಡು ಖಾತೆಗಳು ಬಹಳ ಸಲ ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಿಳಿ ಅನ್ನವು ಕರುಳಿಗೆ ಅತ್ಯಂತ ಸಲೀಸು, ರಕ್ತದ ಸಕ್ಕರೆಯನ್ನು ಮಾತ್ರ ಬೇಗನೆ ಏರಿಸುತ್ತದೆ. ಬೇಯಿಸಿದ ಕಾಳುಗಳು ರಕ್ತದ ಸಕ್ಕರೆಯನ್ನು ನಿಧಾನಕ್ಕೆ ಏರಿಸುತ್ತವೆ, ಹೊಟ್ಟೆಯನ್ನು ಮಾತ್ರ ಗುಡುಗುಟ್ಟಿಸುತ್ತವೆ. ಆದ್ದರಿಂದ ಕಡಿತಕ್ಕೆ ಕೈಹಾಕುವ ಮೊದಲು ತೊಂದರೆ ಯಾವ ಖಾತೆಯದು ಎಂದು ಕೇಳಿಕೊಳ್ಳಬೇಕಾಗುತ್ತದೆ. ಈ ಪ್ರಶ್ನೆಯನ್ನು ಬಿಟ್ಟು ನೇರವಾಗಿ ತಟ್ಟೆಗೆ ಕತ್ತರಿ ಹಾಕಿದವರು ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳುವುದನ್ನು ಕಾಣುತ್ತೇವೆ.

ಸಣ್ಣ ಕರುಳಿನಲ್ಲಿ ನಡೆಯುವುದೇನು

ಕಾರ್ಬೋಹೈಡ್ರೇಟ್ ಎಂಬ ಹೆಸರಿನಡಿ ಮೂರು ಬಗೆಯ ಪದಾರ್ಥಗಳು ಬರುತ್ತವೆ. ಸಕ್ಕರೆಗಳಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂಟಿ ಕೊಂಡಿಗಳು. ಹಾಲಿನ ಲ್ಯಾಕ್ಟೋಸ್ ಮತ್ತು ಅಡುಗೆಯ ಸಕ್ಕರೆಯಾದ ಸುಕ್ರೋಸ್ ಜೋಡಿ ಕೊಂಡಿಗಳು. ಪಿಷ್ಟವು ನೂರಾರು, ಸಾವಿರಾರು ಗ್ಲೂಕೋಸ್ ಕೊಂಡಿಗಳ ಸರಪಳಿ. ನಾರು ಕೂಡ ಬಹುಪಾಲು ಸರಪಳಿಯೇ, ಆದರೆ ಅದರ ಕೊಂಡಿಗಳನ್ನು ಬಿಡಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಜೀರ್ಣವಾಗುವ ಕಾರ್ಬೋಹೈಡ್ರೇಟಿನ ಒಂದು ಗ್ರಾಂ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಕೊಟ್ಟರೆ, ನಾರು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ದೆಸೆಯಿಂದ ಸರಾಸರಿ 2 ಕಿಲೋಕ್ಯಾಲರಿಯಷ್ಟನ್ನು ಪರೋಕ್ಷವಾಗಿ ಕೊಡುತ್ತದೆ.

ಬಾಯಲ್ಲಿ ಆರಂಭವಾದ ಕೆಲಸವನ್ನು ಜಠರದ ಆಮ್ಲ ನಿಲ್ಲಿಸಿಬಿಡುತ್ತದೆ, ಏಕೆಂದರೆ ಅಮೈಲೇಸ್ ಆಮ್ಲದಲ್ಲಿ ಬಾಳುವುದಿಲ್ಲ. ಆಹಾರವು ಸಣ್ಣ ಕರುಳಿಗೆ ಇಳಿದ ಮೇಲೆ ಮೇದೋಜೀರಕ ಗ್ರಂಥಿಯು ಅದೇ ಕಿಣ್ವವನ್ನು ಹೊಸದಾಗಿ ಸುರಿಸುತ್ತದೆ, ಪಿಷ್ಟದ ಸಿಂಹಪಾಲು ಅಲ್ಲಿಯೇ ತುಂಡಾಗುತ್ತದೆ. ಕೊನೆಯ ಕತ್ತರಿ ಪ್ರಯೋಗ ನಡೆಯುವುದು ಕರುಳಿನ ಗೋಡೆಯ ಮೇಲೆ. ಅಲ್ಲಿ ಕುಂಚದ ಎಳೆಗಳಂತೆ ಒತ್ತೊತ್ತಾಗಿ ನಿಂತಿರುವ ಸೂಕ್ಷ್ಮ ಚಾಚುಗಳ ತುದಿಯಲ್ಲಿ ಲ್ಯಾಕ್ಟೇಸ್, ಸುಕ್ರೇಸ್, ಮಾಲ್ಟೇಸ್ ಕಿಣ್ವಗಳು ನೆಲೆಸಿರುತ್ತವೆ, ಒಂದೊಂದೂ ತನ್ನ ಪಾಲಿನ ಜೋಡಿಯನ್ನು ಮಾತ್ರ ಬಿಡಿಸುತ್ತದೆ. ಬಿಡಿಯಾದ ಗ್ಲೂಕೋಸ್ ಸೋಡಿಯಮ್ಮಿನ ಜೊತೆಗೂಡಿ ಚುರುಕಾಗಿ ಒಳಸೇರುತ್ತದೆ. ಭೇದಿಯಾದವರಿಗೆ ಕೊಡುವ ನೀರಿನಲ್ಲಿ ಉಪ್ಪು ಮತ್ತು ಸಕ್ಕರೆ ಎರಡೂ ಇರಬೇಕೆನ್ನುವುದು ಇದೇ ಕಾರಣಕ್ಕೆ. ಫ್ರಕ್ಟೋಸಿಗೆ ಇಂಥ ಬಲವಾದ ಸಾಗಣೆಯಿಲ್ಲ. ಅದು ಒಂಟಿಯಾಗಿ ಹೆಚ್ಚು ಬಂದಾಗ ಒಂದಷ್ಟು ಪಾಲು ಒಳಸೇರದೆ ಮುಂದೆ ಹೋಗಿಬಿಡುತ್ತದೆ.

ಒಂದು ದೊಡ್ಡ ಲೋಟ, ಎಂದರೆ 250 ಮಿಲಿಲೀಟರ್, ಹಾಲನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಲ್ಯಾಕ್ಟೇಸ್ ಸಾಕಷ್ಟಿರುವವರಲ್ಲಿ ಅದು ಎರಡಾಗಿ ಒಡೆದು ರಕ್ತ ಸೇರುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ಜಗತ್ತಿನ ವಯಸ್ಕರಲ್ಲಿ ಮೂರನೆಯ ಎರಡು ಪಾಲಿನಷ್ಟು ಮಂದಿಯಲ್ಲಿ ಎಳವೆ ಕಳೆದ ಮೇಲೆ ಈ ಕಿಣ್ವ ಕಡಿಮೆಯಾಗುತ್ತ ಹೋಗುತ್ತದೆ. ಅದು ರೋಗವಲ್ಲ, ಸಸ್ತನಿಗಳ ಸಹಜ ಸ್ಥಿತಿಯೇ ಅದು. ಅಂಥವರ ಕರುಳಿನಲ್ಲಿ ಒಡೆಯದ ಲ್ಯಾಕ್ಟೋಸ್ ತನ್ನ ಸುತ್ತ ನೀರನ್ನು ಎಳೆದುಕೊಳ್ಳುತ್ತದೆ, ಕರುಳಿನ ಒಳಗಿನ ದ್ರವ ಹೆಚ್ಚಿ ಗುಳುಗುಳು ಸದ್ದು ಕೇಳತೊಡಗುತ್ತದೆ. ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಅದು ದೊಡ್ಡ ಕರುಳನ್ನು ಮುಟ್ಟಿದಾಗ ಬ್ಯಾಕ್ಟೀರಿಯಾಗಳು ಅದರ ಮೇಲೆ ಮುಗಿಬೀಳುತ್ತವೆ, ಅನಿಲ ಹುಟ್ಟುತ್ತದೆ, ಹೊಟ್ಟೆ ಬಿಗಿಯುತ್ತದೆ. ಹೀಗಿದ್ದೂ ಇವರಲ್ಲಿ ಹೆಚ್ಚಿನವರು ಒಂದು ಲೋಟ ಹಾಲನ್ನು, ಅದರಲ್ಲೂ ಊಟದ ಜೊತೆಗೆ ಕುಡಿದರೆ, ದೊಡ್ಡ ತೊಂದರೆಯಿಲ್ಲದೆ ಅರಗಿಸಿಕೊಳ್ಳುತ್ತಾರೆ. ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ಒಡೆದಿರುತ್ತವೆ, ಹಳೆಯ ಗಟ್ಟಿ ಚೀಸಿನಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಲು ಒಗ್ಗುವುದಿಲ್ಲವೆಂದು ಹಾಲಿನ ಎಲ್ಲ ಪದಾರ್ಥಗಳನ್ನೂ ಮನೆಯಿಂದಾಚೆ ಹಾಕುವವರು ಈ ವ್ಯತ್ಯಾಸವನ್ನು ಗಮನಿಸಿದರೆ ಒಳ್ಳೆಯದು.

ದೊಡ್ಡ ಕರುಳಿನ ಹುದುಗುವಿಕೆ

ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿವೆ. ಸಣ್ಣ ಕರುಳು ಕೈಬಿಟ್ಟ ಕಾರ್ಬೋಹೈಡ್ರೇಟೇ ಅವುಗಳ ಮುಖ್ಯ ಆಹಾರ. ಅವು ಅದನ್ನು ಹುದುಗಿಸುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುಗಡೆಯಾಗುತ್ತದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ವಾಯು ಹೊರಹೋಗುವುದು ಆರೋಗ್ಯವಂತರಲ್ಲೂ ಕಾಣುವ ಸಂಗತಿ. ಹುಟ್ಟಿದ ಹೈಡ್ರೋಜನಿನ ಒಂದು ಪಾಲು ರಕ್ತ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲವಾದ್ದರಿಂದ ಉಸಿರಿನಲ್ಲಿ ಅದು ಹೆಚ್ಚಿತೆಂದರೆ ಎಲ್ಲೋ ಒಂದು ಕಡೆ ಬ್ಯಾಕ್ಟೀರಿಯಾಗಳಿಗೆ ಔತಣ ಸಿಕ್ಕಿತೆಂದೇ ಅರ್ಥ. ಲ್ಯಾಕ್ಟೋಸ್ ಒಗ್ಗುತ್ತದೋ ಇಲ್ಲವೋ ಎಂದು ತಿಳಿಯಲು ವೈದ್ಯರು ಮಾಡಿಸುವ ಉಸಿರಿನ ಪರೀಕ್ಷೆಯ ಆಧಾರ ಇದೇ.

ಇದೇ ವಿಧಾನದಿಂದ ಅಮೆರಿಕದ ವೈದ್ಯ ಮೈಕಲ್ ಲೆವಿಟ್ ಮತ್ತು ಅವರ ಸಂಗಡಿಗರು 1987ರಲ್ಲಿ ಬೇರೆ ಬೇರೆ ಪಿಷ್ಟಗಳನ್ನು ಪರೀಕ್ಷಿಸಿದರು. ಗೋಧಿ, ಓಟ್ಸ್, ಆಲೂಗಡ್ಡೆ, ಮೆಕ್ಕೆಜೋಳ, ಕಾಳು ಇವೆಲ್ಲವನ್ನು ತಿಂದ ಮೇಲೆ ಉಸಿರಿನ ಹೈಡ್ರೋಜನ್ ಗಣನೀಯವಾಗಿ ಏರಿತು. ಅಕ್ಕಿಯನ್ನು ತಿಂದಾಗ ಹೆಚ್ಚುಕಡಿಮೆ ಏರಲೇ ಇಲ್ಲ. ಅಕ್ಕಿಯ ಪಿಷ್ಟ ಸಣ್ಣ ಕರುಳಿನಲ್ಲಿಯೇ ಬಹುಮಟ್ಟಿಗೆ ಪೂರ್ತಿಯಾಗಿ ಹೀರಿಕೆಯಾಗಿಬಿಡುತ್ತದೆ, ಬ್ಯಾಕ್ಟೀರಿಯಾಗಳ ಪಾಲಿಗೆ ಉಳಿಯುವುದು ಅತ್ಯಲ್ಪ. ಹೊಟ್ಟೆ ಕೆಟ್ಟವರಿಗೆ ಮೆತ್ತಗಿನ ಅನ್ನವನ್ನೇ ಕೊಡುವ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಎರಡು ಖಾತೆಗಳ ಜಗಳವನ್ನು ಒಂದೇ ಮಾತ್ರೆಯಲ್ಲಿ ತೋರಿಸುವ ಔಷಧವೊಂದಿದೆ. ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆಯು ಕರುಳಿನ ಗೋಡೆಯ ಮೇಲಿನ ಕಿಣ್ವಗಳ ಕೈ ಕಟ್ಟುತ್ತದೆ. ಪಿಷ್ಟ ನಿಧಾನವಾಗಿ ಒಡೆಯುವುದರಿಂದ ಊಟದ ನಂತರದ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಒಡೆಯದೆ ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ, ಆದ್ದರಿಂದ ಈ ಮಾತ್ರೆ ನುಂಗುವವರ ಮುಖ್ಯ ದೂರು ವಾಯು ಮತ್ತು ಉಬ್ಬರ. ರಕ್ತಕ್ಕೆ ಆದ ಲಾಭದ ಬೆಲೆಯನ್ನು ಕರುಳು ತೆತ್ತಿದೆ.

ಹಾಗೆಂದು ಹುದುಗುವಿಕೆಯನ್ನು ಶತ್ರುವೆಂದು ತಿಳಿಯುವಂತಿಲ್ಲ. ಅನಿಲದ ಜೊತೆಗೇ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿಯ ಕೊಬ್ಬಿನ ಆಮ್ಲಗಳೂ ಹುಟ್ಟುತ್ತವೆ, ದೊಡ್ಡ ಕರುಳಿನ ಗೋಡೆಯ ಜೀವಕೋಶಗಳು ತಮ್ಮ ಶಕ್ತಿಯ ಬಹುಪಾಲನ್ನು ಪಡೆಯುವುದು ಬ್ಯುಟಿರೇಟಿನಿಂದ. ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿರುವ ರೋವೆಟ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಮಂದಿ ಸ್ಥೂಲಕಾಯರಿಗೆ ದಿನಕ್ಕೆ ಸುಮಾರು 400 ಗ್ರಾಂ, 164 ಗ್ರಾಂ ಮತ್ತು 24 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಆಹಾರಗಳನ್ನು ಬೇರೆ ಬೇರೆ ಅವಧಿಗಳಲ್ಲಿ ಕೊಡಲಾಗಿತ್ತು. ಕಡಿತ ಹೆಚ್ಚಿದಂತೆ ಮಲದಲ್ಲಿನ ಬ್ಯುಟಿರೇಟ್ ಇಳಿಯಿತು, 24 ಗ್ರಾಮಿನ ಹಂತದಲ್ಲಿ ಅದು ಮೊದಲಿನ ಕಾಲು ಭಾಗದಷ್ಟಕ್ಕೆ ಬಂದಿತ್ತು. ಹೊಟ್ಟೆ ಸದ್ದಿಲ್ಲದೆ ಸುಮ್ಮನಿದೆ ಎಂದ ಮಾತ್ರಕ್ಕೆ ಅದು ಸುಖವಾಗಿದೆ ಎನ್ನಲಾಗುವುದಿಲ್ಲ, ಹಸಿದಿರಲೂಬಹುದು.

ಹೊಟ್ಟೆಯ ತೊಂದರೆಗೆ ಯಾವ ಕಡಿತ

ಉಬ್ಬರ, ನೋವು, ಅಕಾಲದ ಶೌಚ ಇವುಗಳಿಂದ ಬಳಲುವವರಿಗೆ, ಮುಖ್ಯವಾಗಿ ಐಬಿಎಸ್ ಎಂದು ಕರೆಯುವ ಕೆರಳುವ ಕರುಳಿನ ಸಮಸ್ಯೆಯಿರುವವರಿಗೆ, ಒಟ್ಟು ಕಾರ್ಬೋಹೈಡ್ರೇಟಿನ ಕಡಿತಕ್ಕಿಂತ ಆಯ್ದ ಕಡಿತವೇ ಹೆಚ್ಚು ಕೆಲಸ ಮಾಡುತ್ತದೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂಸನ್ ಶೆಫರ್ಡ್ 2005ರಲ್ಲಿ ಹೀಗೆ ಆಯ್ದು ಬಿಡಬೇಕಾದ ಪದಾರ್ಥಗಳಿಗೆ ಫಾಡ್‌ಮ್ಯಾಪ್ ಎಂಬ ಹೆಸರು ಕೊಟ್ಟರು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ನೀರನ್ನು ಎಳೆದುಕೊಳ್ಳುವ, ದೊಡ್ಡ ಕರುಳಿನಲ್ಲಿ ಬೇಗನೆ ಹುದುಗುವ ಚಿಕ್ಕ ಸರಪಳಿಯ ಕಾರ್ಬೋಹೈಡ್ರೇಟುಗಳ ಗುಂಪು ಅದು. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್, ಕಾಳುಗಳಲ್ಲಿರುವ ರಾಫಿನೋಸ್ ಮತ್ತು ಸ್ಟಾಕಿಯೋಸ್, ಹಾಲಿನ ಲ್ಯಾಕ್ಟೋಸ್, ಸೇಬು ಮತ್ತು ಜೇನಿನಲ್ಲಿ ಹೆಚ್ಚುವರಿಯಾಗಿರುವ ಫ್ರಕ್ಟೋಸ್, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನ ಸಾರ್ಬಿಟಾಲ್ ಇವೆಲ್ಲ ಅದರಲ್ಲಿ ಸೇರುತ್ತವೆ. ಪಟ್ಟಿಯಲ್ಲಿ ಅನ್ನವಿಲ್ಲ, ಆಲೂಗಡ್ಡೆಯಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಬೊಜ್ಜಿನ ಚರ್ಚೆಯಲ್ಲಿ ಮೊದಲು ಅಪರಾಧಿ ಸ್ಥಾನದಲ್ಲಿ ನಿಲ್ಲುವ ಎರಡೂ ಇಲ್ಲಿ ನಿರಪರಾಧಿಗಳು.

ಅದೇ ತಂಡ 2014ರಲ್ಲಿ ಐಬಿಎಸ್ ಇರುವ 30 ಮಂದಿಗೆ ಸಿದ್ಧ ಊಟವನ್ನು ಒದಗಿಸಿ ತಲಾ 21 ದಿನ ಎರಡು ಬಗೆಯ ಆಹಾರದ ಮೇಲಿಟ್ಟು ನೋಡಿತು. ಫಾಡ್‌ಮ್ಯಾಪ್ ಕಡಿಮೆಯಿದ್ದ ಅವಧಿಯಲ್ಲಿ ಲಕ್ಷಣಗಳ ತೀವ್ರತೆ ಮಾಮೂಲು ಆಹಾರದ ಅವಧಿಯಲ್ಲಿದ್ದುದರ ಅರ್ಧದಷ್ಟಿತ್ತು. ಇನ್ನೊಂದು ಪ್ರಯೋಗ ನಾರ್ವೆಯದು, 2018ರಲ್ಲಿ ಪ್ರಕಟವಾದದ್ದು. ಗೋಧಿಯಲ್ಲಿರುವ ಗ್ಲುಟೆನ್ನಿನಿಂದ ಕರುಳಿನ ಗೋಡೆ ಹಾಳಾಗುವ ಸೀಲಿಯಾಕ್ ರೋಗವಿಲ್ಲದಿದ್ದರೂ ಗೋಧಿ ಒಗ್ಗುವುದಿಲ್ಲವೆಂದು ಗ್ಲುಟೆನ್ ಬಿಟ್ಟಿದ್ದ 59 ಮಂದಿಗೆ ಗ್ಲುಟೆನ್ ಇರುವ, ಫ್ರಕ್ಟಾನ್ ಇರುವ, ಎರಡೂ ಇಲ್ಲದ ತಿನಿಸುಗಳನ್ನು ಯಾವುದು ಯಾವುದೆಂದು ತಿಳಿಸದೆ ಕೊಡಲಾಯಿತು. ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಗ್ಲುಟೆನ್ ಒಂದು ಪ್ರೋಟೀನು. ವರ್ಷಗಟ್ಟಲೆ ಅದನ್ನು ಬೈದುಕೊಂಡು ಬದುಕಿದ ಹಲವರ ನಿಜವಾದ ಕಿರುಕುಳ ಅದರ ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಒಂದು ಕಾರ್ಬೋಹೈಡ್ರೇಟು ಆಗಿದ್ದಿರಬಹುದು.

ಅಡುಗೆಮನೆಯಲ್ಲಿ ಇದರಿಂದ ಕೆಲವು ಉಪಾಯಗಳು ಹುಟ್ಟುತ್ತವೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದುಬಿಟ್ಟರೆ ಘಮ ಎಣ್ಣೆಯಲ್ಲಿ ಉಳಿಯುತ್ತದೆ, ಫ್ರಕ್ಟಾನ್ ಎಸಳಿನ ಜೊತೆ ಹೊರಗೆ ಹೋಗುತ್ತದೆ. ಸಾರಿನಲ್ಲಿ ಕುದಿಸಿ ತೆಗೆದರೆ ಈ ಲಾಭವಿಲ್ಲ. ಕಾಳುಗಳನ್ನು ರಾತ್ರಿ ನೆನೆಸಿ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ವಾಯು ತರಿಸುವ ಸಕ್ಕರೆಗಳ ಒಂದಷ್ಟು ಪಾಲು ನೀರಿನೊಡನೆ ಹೋಗುತ್ತದೆ.

ಈ ಕ್ರಮವನ್ನು ಬಹುಮಂದಿ ತಪ್ಪಾಗಿ ನಡೆಸುವುದು ಅದರ ಅವಧಿಯ ವಿಚಾರದಲ್ಲಿ. ಎರಡರಿಂದ ಆರು ವಾರ ಬಿಗಿಯಾಗಿ ಬಿಡುವುದು ಮೊದಲ ಹಂತ ಮಾತ್ರ. ಆಮೇಲೆ ಒಂದೊಂದು ಗುಂಪನ್ನು ಬೇರೆ ಬೇರೆಯಾಗಿ, ಮೂರು ದಿನ ಪ್ರಮಾಣ ಏರಿಸುತ್ತ, ಮತ್ತೆ ತಿಂದು ನೋಡಬೇಕು: ಮೊದಲ ದಿನ ಕಾಲು ಲೋಟ ಹಾಲು, ಮರುದಿನ ಅರ್ಧ, ಮೂರನೆಯ ದಿನ ಪೂರ್ತಿ, ಎರಡು ಮೂರು ದಿನ ಬಿಡುವು, ಬಳಿಕ ಇನ್ನೊಂದು ಗುಂಪು. ಕೊನೆಯಲ್ಲಿ ಉಳಿಯುವ ನಿಷೇಧಗಳು ಬಹಳ ಮಂದಿಗೆ ಒಂದೋ ಎರಡೋ. ಮೊದಲ ಹಂತದಲ್ಲಿಯೇ ನೆಲೆಯೂರಿದವರ ಕರುಳಿನಲ್ಲಿ ಬೈಫಿಡೋಬ್ಯಾಕ್ಟೀರಿಯಾಗಳಂಥ ಉಪಕಾರಿ ಜೀವಿಗಳು ಕಡಿಮೆಯಾಗುವುದನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2012ರಲ್ಲಿಯೇ ತೋರಿಸಿದ್ದಾರೆ. ಬಿಡುವುದು ಸುಲಭ, ಮರಳಿ ತಿನ್ನಲು ಧೈರ್ಯ ಬೇಕು. ಆಹಾರತಜ್ಞರ ಸಹಾಯ ನಿಜವಾಗಿ ಬೇಕಾಗುವುದು ಈ ಎರಡನೆಯ ಹಂತದಲ್ಲಿ.

ಎದೆಯುರಿಯ ಬಗ್ಗೆ ಒಂದು ಮಾತು. ಕಾರ್ಬೋಹೈಡ್ರೇಟನ್ನು ಬಲವಾಗಿ ಇಳಿಸಿದ ಮೇಲೆ ಹುಳಿತೇಗು, ಎದೆಯುರಿ ಕಡಿಮೆಯಾಯಿತೆಂದು ಹೇಳುವವರಿದ್ದಾರೆ, ಅದಕ್ಕೆ ಬೆಂಬಲವಾಗಿ 2006ರ ಒಂದು ಅಮೆರಿಕನ್ ಅಧ್ಯಯನವೂ ಇದೆ. ಅದರಲ್ಲಿದ್ದವರು ಎಂಟೇ ಮಂದಿ. ಭರವಸೆ ಹುಟ್ಟಿಸುವ ಫಲಿತಾಂಶವೆನ್ನಬಹುದು, ತೀರ್ಪು ಎನ್ನಲಾಗದು.

ರಕ್ತದ ಖಾತೆ

ವಯಸ್ಕನೊಬ್ಬನ ಇಡೀ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಕರಗಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಎಂದರೆ ಒಂದು ಟೀ ಚಮಚದಷ್ಟು. 250 ಗ್ರಾಂ ಬೆಂದ ಅನ್ನದಲ್ಲಿರುವ ಕಾರ್ಬೋಹೈಡ್ರೇಟ್ 70 ಗ್ರಾಂ. ಹದಿನಾಲ್ಕು ಚಮಚದಷ್ಟು ಸರಕು ಒಂದು ಚಮಚದ ಕೋಣೆಗೆ ಬರುವಾಗ ಅದನ್ನು ಬಂದ ಹಾಗೆಯೇ ಆಚೆ ಸಾಗಿಸಬೇಕು. ಇನ್ಸುಲಿನ್ ಮಾಡುವ ಕೆಲಸ ಇದು. ಲಿವರ್ ಸುಮಾರು 100 ಗ್ರಾಮನ್ನು, ಸ್ನಾಯುಗಳು ಸುಮಾರು 400 ಗ್ರಾಮನ್ನು ಗ್ಲೈಕೋಜನ್ ರೂಪದಲ್ಲಿ ಶೇಖರಿಸಿಕೊಳ್ಳಬಲ್ಲವು. ಉಗ್ರಾಣ ಮೊದಲೇ ತುಂಬಿದ್ದು, ಸ್ನಾಯುಗಳು ದುಡಿಯದೆ ಕೂತಿದ್ದರೆ, ಬಂದ ಸರಕಿನಲ್ಲಿ ಒಂದಷ್ಟು ಲಿವರಿನಲ್ಲಿ ಕೊಬ್ಬಾಗಿ ಮಾರ್ಪಡುತ್ತದೆ. ಸಿಹಿ ಪಾನೀಯಗಳ ಫ್ರಕ್ಟೋಸ್ ಬಹುತೇಕ ಲಿವರಿನಲ್ಲಿಯೇ ವಿಲೇವಾರಿಯಾಗಬೇಕಿರುವುದರಿಂದ ಈ ವಿಚಾರದಲ್ಲಿ ಅದು ಇನ್ನಷ್ಟು ಕೆಟ್ಟದ್ದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಎರಡನೆಯ ಬಗೆಯ ಮಧುಮೇಹಿಗಳಿಗೆ ಬರುವ ಸರಕನ್ನೇ ಕಡಿಮೆ ಮಾಡುವುದು ಸಹಜವಾದ ಪರಿಹಾರ. ಕಡಿತದಿಂದ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಇಳಿಯುತ್ತದೆ, ಲಿವರಿನ ಕೊಬ್ಬು ಕರಗುತ್ತದೆ. ಕೆಲವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರುವುದೂ ಉಂಟು, ಆದ್ದರಿಂದ ರಕ್ತಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಮುಂದುವರಿಯುವುದು ಸರಿಯಲ್ಲ.

ಎಷ್ಟು ಕಡಿಮೆಯಾದರೆ ಕಡಿಮೆ? ದಿನಕ್ಕೆ 130 ಗ್ರಾಮಿಗಿಂತ ಕೆಳಗಿನದನ್ನು ಸಾಮಾನ್ಯವಾಗಿ ಲೋ ಕಾರ್ಬ್ ಎನ್ನುತ್ತಾರೆ. 20ರಿಂದ 50 ಗ್ರಾಮಿನ ಮಟ್ಟಕ್ಕೆ ಇಳಿದಾಗ ಲಿವರ್ ಗ್ಲೂಕೋಸಿನ ಬದಲು ಇಂಧನವಾಗಬಲ್ಲ ಕೀಟೋನುಗಳನ್ನು ಕೊಬ್ಬಿನಿಂದ ತಯಾರಿಸತೊಡಗುತ್ತದೆ, ಅದು ಕೀಟೋ ಕ್ರಮ. ಮೂಲತಃ ಅದು ತೂಕ ಇಳಿಸುವವರಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ 1921ರಲ್ಲಿ ಅದನ್ನು ಮೂರ್ಛೆರೋಗದ ಚಿಕಿತ್ಸೆಗೆಂದು ಸೂಚಿಸಿದ್ದರು.

ಕಡಿತ ಆರಂಭಿಸಿದ ಮೊದಲ ವಾರದಲ್ಲಿ ತೂಕದ ಯಂತ್ರ ತೋರಿಸುವ ಎರಡು ಮೂರು ಕಿಲೋ ಇಳಿಕೆಯನ್ನು ಯಾರೂ ಕೊಬ್ಬಿನ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಉಗ್ರಾಣ ಬರಿದಾದಂತೆ ಆ ನೀರೂ ಹೋಗುತ್ತದೆ. ಇನ್ಸುಲಿನ್ ತಗ್ಗಿದಾಗ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತವೆ, ಆ ದಿನಗಳ ತಲೆನೋವು, ಸುಸ್ತು, ಎದ್ದುನಿಂತಾಗ ಬರುವ ತಲೆಸುತ್ತು ಬಹುಮಟ್ಟಿಗೆ ಇದರ ಫಲ. ಒಂದು ಮದುವೆಯ ಊಟ ಮುಗಿಸಿ ಬಂದ ಮರುದಿನ ಯಂತ್ರದ ಮುಳ್ಳು ಮತ್ತೆ ಮೇಲೇರಿದಾಗ ಹತಾಶರಾಗುವವರಿಗೂ ಇದೇ ಸಮಾಧಾನ ಹೇಳಬೇಕು: ಹೋದದ್ದೂ ನೀರು, ಬಂದದ್ದೂ ನೀರು.

ತೂಕದ ವಿಚಾರದಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಗಾರ್ಡ್‌ನರ್ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗ. 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯಿರುವ ಆಹಾರವನ್ನೂ ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆಯಿರುವ ಆಹಾರವನ್ನೂ ಒಂದು ವರ್ಷ ಪಾಲಿಸುವಂತೆ ಹೇಳಿದಾಗ ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿಸಿತು. ಗಣನೆಗೆ ಬರುವ ವ್ಯತ್ಯಾಸ ಇದಲ್ಲ. ಎರಡೂ ಗುಂಪಿಗೆ ಸಮಾನವಾಗಿ ಹೇಳಿದ್ದ ಮಾತೊಂದಿತ್ತು: ಬೆರೆಸಿದ ಸಕ್ಕರೆ ಮತ್ತು ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ. ಗೆಲುವಿನ ದೊಡ್ಡ ಪಾಲು ಈ ಮಾತಿಗೇ ಸಲ್ಲಬೇಕೆಂಬುದು ನನ್ನ ಎಣಿಕೆ. ದೀರ್ಘಾಯುಷ್ಯದ ಲೆಕ್ಕದಲ್ಲೂ ಕಡಿತ ಹೆಚ್ಚಿದಷ್ಟೂ ಒಳ್ಳೆಯದೆಂಬ ಸರಳರೇಖೆ ಕಾಣುವುದಿಲ್ಲ. ಅಮೆರಿಕದ 15,000ಕ್ಕೂ ಹೆಚ್ಚು ವಯಸ್ಕರನ್ನು ಸುಮಾರು 25 ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಶಕ್ತಿಯ 50ರಿಂದ 55 ಶೇಕಡವನ್ನು ಕಾರ್ಬೋಹೈಡ್ರೇಟಿನಿಂದ ಪಡೆದವರಲ್ಲಿ ಸಾವಿನ ಅಪಾಯ ಅತ್ಯಂತ ಕಡಿಮೆಯಿತ್ತು. ಅತಿ ಹೆಚ್ಚು ತಿಂದವರಲ್ಲೂ ಅತಿ ಕಡಿಮೆ ತಿಂದವರಲ್ಲೂ ಹೆಚ್ಚಿತ್ತು. ಕಡಿಮೆ ತಿಂದವರಲ್ಲಿ ಆ ಜಾಗವನ್ನು ಮಾಂಸದಿಂದ ತುಂಬಿಕೊಂಡವರಿಗಿಂತ ಕಾಳು, ಬೀಜ, ತರಕಾರಿಗಳಿಂದ ತುಂಬಿಕೊಂಡವರ ಸ್ಥಿತಿ ಉತ್ತಮವಾಗಿತ್ತು. ಇಂಥ ಅಧ್ಯಯನ ಕಾರಣವನ್ನು ಸಾಧಿಸಿ ತೋರಿಸಲಾರದು, ಆದರೆ ತೆಗೆದುಹಾಕಿದ್ದರ ಜಾಗದಲ್ಲಿ ಏನು ಬಂತು ಎಂದು ಕೇಳುವುದನ್ನು ಅದು ಕಲಿಸುತ್ತದೆ.

ತಟ್ಟೆಯಲ್ಲಿ ಕಡಿತ

ಎರಡೂ ಖಾತೆಗಳಿಗೆ ಒಪ್ಪುವ ಕಡಿತ ಒಂದಿದೆ: ಬೆರೆಸಿದ ಸಕ್ಕರೆ. 330 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಇಂಥ ಸಕ್ಕರೆ ದಿನದ ಶಕ್ತಿಯ ಶೇಕಡ 10ನ್ನು ಮೀರಬಾರದು, ಶೇಕಡ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. 2,000 ಕಿಲೋಕ್ಯಾಲರಿ ತಿನ್ನುವವರಿಗೆ ಆ ಎರಡು ಮಿತಿಗಳು 50 ಮತ್ತು 25 ಗ್ರಾಂ. ಒಂದೇ ಕ್ಯಾನ್ ಎರಡನೆಯ ಮಿತಿಯನ್ನು ದಾಟಿಬಿಟ್ಟಿತು. ಕುಡಿಯುವ ಸಕ್ಕರೆಯನ್ನು ನಿಲ್ಲಿಸುವ ಮುನ್ನ ಅನ್ನದ ಅಗುಳುಗಳನ್ನು ಎಣಿಸತೊಡಗುವುದು ಕೆಲಸದ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ನಾರನ್ನು ಮಾತ್ರ ಕಡಿತದ ಲೆಕ್ಕದಿಂದ ಹೊರಗಿಡಬೇಕು. ಅದೇ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರನ್ನೂ 400 ಗ್ರಾಂ ಹಣ್ಣು ತರಕಾರಿಯನ್ನೂ ಸೂಚಿಸಿದೆ. ಲೋ ಕಾರ್ಬ್ ಆರಂಭಿಸಿದವರಲ್ಲಿ ಮಲಬದ್ಧತೆ ಬಹಳ ಸಾಮಾನ್ಯ, ಏಕೆಂದರೆ ಧಾನ್ಯ, ಕಾಳು, ಹಣ್ಣುಗಳ ಜೊತೆಗೆ ನಾರೂ ತಟ್ಟೆಯಿಂದ ಎದ್ದುಹೋಗಿರುತ್ತದೆ. ಸೊಪ್ಪು, ತರಕಾರಿ, ಎಣ್ಣೆಬೀಜಗಳಿಂದ ಅದನ್ನು ತುಂಬಿಕೊಳ್ಳಬಹುದು, ಆದರೆ ಒಂದೇ ದಿನ ಹತ್ತರಿಂದ ಮೂವತ್ತು ಗ್ರಾಮಿಗೆ ಹಾರಿದರೆ ಉಬ್ಬರ ಗ್ಯಾರಂಟಿ. ವಾರಕ್ಕೆ ಐದು ಗ್ರಾಮಿನಂತೆ ಏರಿಸುತ್ತ, ನೀರನ್ನೂ ಹೆಚ್ಚಿಸುತ್ತ ಹೋಗುವುದು ಸಹಿಸುವ ದಾರಿ.

ಪೊಟ್ಟಣದ ಮೇಲಿನ ಪಟ್ಟಿಯನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದಂಥ ಕೆಲವು ದೇಶಗಳಲ್ಲಿ ಒಟ್ಟು ಕಾರ್ಬೋಹೈಡ್ರೇಟಿನಲ್ಲಿ ನಾರೂ ಸೇರಿರುತ್ತದೆ, ಯುರೋಪಿನಲ್ಲಿ ಸೇರಿರುವುದಿಲ್ಲ. 100 ಗ್ರಾಮಿಗೆ 30 ಗ್ರಾಂ ಕಾರ್ಬೋಹೈಡ್ರೇಟ್, 10 ಗ್ರಾಂ ನಾರು ಎಂದು ಮುದ್ರಿಸಿದ್ದರೆ ರಕ್ತಕ್ಕೆ ಸೇರುವುದು ಮೊದಲನೆಯ ಪದ್ಧತಿಯಲ್ಲಿ 20 ಗ್ರಾಂ, ಎರಡನೆಯದರಲ್ಲಿ ಪೂರ್ತಿ 30. ಆಮದಾದ ಪೊಟ್ಟಣದ ಮೇಲಿನ ಅಂಕಿಯಲ್ಲಿ ನಾರನ್ನು ಕಳೆಯುವ ಮುಂಚೆ ಅದು ಎಲ್ಲಿ ಮುದ್ರಣವಾಗಿದೆ ಎಂದು ನೋಡಬೇಕು.

ಪ್ರಮಾಣವನ್ನು ಮುಟ್ಟದೆಯೂ ಕೆಲವು ಅನುಕೂಲಗಳನ್ನು ಪಡೆಯಬಹುದು. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಅದೇ ಊಟದಿಂದ ಸಕ್ಕರೆ ಕಡಿಮೆ ಏರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಇನ್ಸುಲಿನ್ನಿನ ಶಿಫಾರಸಿಗೆ ಕಾಯದೆ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಬೇಯಿಸಿ ತಣಿಸಿದ ಆಲೂಗಡ್ಡೆ ಅಥವಾ ಅನ್ನದಲ್ಲಿ ಪಿಷ್ಟದ ಒಂದು ಚಿಕ್ಕ ಪಾಲು ಮತ್ತೆ ಗಟ್ಟಿಯಾಗಿ ಕಿಣ್ವಕ್ಕೆ ಸಿಗದಂತಾಗುತ್ತದೆ. ಲಾಭ ಸಣ್ಣದು, ಆದರೆ ಆ ಪಾಲು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಲ್ಲುತ್ತದೆ. ತಣಿದ ಅನ್ನವನ್ನು ಹೊರಗೇ ಇಡದೆ ಬೇಗನೆ ಫ್ರಿಜ್ಜಿಗೆ ಸೇರಿಸಬೇಕು, ಇಲ್ಲವಾದರೆ ವಿಷಾಹಾರವಾದೀತು.

ಕಡಿತಕ್ಕೆ ಮುಂಚೆ ವೈದ್ಯರನ್ನು ಕಾಣಲೇಬೇಕಾದವರಿದ್ದಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡಿನಂಥ ಮಧುಮೇಹದ ಮಾತ್ರೆ ನುಂಗುವವರು ಔಷಧದ ಪ್ರಮಾಣ ತಗ್ಗಿಸದೆ ಊಟದ ಪಿಷ್ಟವನ್ನು ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳನ್ನು ಸೇವಿಸುವವರು ಕೀಟೋ ಕ್ರಮಕ್ಕೆ ಇಳಿದಾಗ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಬರುವ ಸಾಧ್ಯತೆಯಿದೆ, ಸಕ್ಕರೆಯ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುವುದರಿಂದ ಅದನ್ನು ಗುರುತಿಸುವುದೂ ತಡವಾಗುತ್ತದೆ. ಬಸುರಿಯರು, ಎದೆಹಾಲೂಡಿಸುವವರು, ಮೂತ್ರಪಿಂಡದ ರೋಗವಿರುವವರು, ಊಟದ ಬಗ್ಗೆ ಹಿಂದೆ ವಿಪರೀತ ಭಯ ಬೆಳೆಸಿಕೊಂಡಿದ್ದವರು ಸ್ವಂತ ನಿರ್ಧಾರದಿಂದ ಇದಕ್ಕೆ ಇಳಿಯಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ಬದಲಾವಣೆ ಇವು ಯಾವುವೂ ಊಟ ಬದಲಿಸಿ ಕಾದುನೋಡುವ ಲಕ್ಷಣಗಳಲ್ಲ.

ಇನ್ನು ಗೋಧಿ ಬಿಡುವ ಆಲೋಚನೆಯಲ್ಲಿರುವವರ ವಿಷಯ. ಜಗತ್ತಿನ ಸುಮಾರು ಶೇಕಡ 1ರಷ್ಟು ಜನರಿಗಿರುವ ಸೀಲಿಯಾಕ್ ರೋಗವನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಗ್ಲುಟೆನ್ನಿಗೆ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಗೋಧಿ ಬಿಟ್ಟು ತಿಂಗಳುಗಳಾದರೆ ಪ್ರತಿಕಾಯಗಳು ಇಳಿದುಹೋಗಿ, ರೋಗವಿದ್ದರೂ ವರದಿ ಸ್ವಚ್ಛವಾಗಿ ಬರುತ್ತದೆ. ಆಮೇಲೆ ಖಚಿತಪಡಿಸಿಕೊಳ್ಳಬೇಕೆಂದರೆ ಕನಿಷ್ಠ ಆರು ವಾರ ದಿನವೂ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ತಿಂದು, ನರಳಿ, ಮತ್ತೆ ರಕ್ತ ಕೊಡಬೇಕು. ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಂಡವರಿಗೆ ಆ ಆರು ವಾರಗಳ ಪಾಡಿಲ್ಲ.